ಬಚ್ಚಲ ಒಲೆಯ ಕೆಂಡ

ಸ್ನಾನ ಮುಗಿಸಿ ಲೋಬಾನದ ಹೊಗೆ ಹಿಡಿಯುವಾಗ ನನ್ನ ಮಗಳ ತಿಂಗಳ ಕೂಸು ಕೆಮ್ಮಿ ಕೆಮ್ಮಿ ಉಸಿರಿಗೆ ಒದ್ದಾಡಿತು. ನನಗೂ ಕಣ್ಣು ಉರಿಯಿತು. ಕೂಸನ್ನು ಕಸಿದುಕೊಂಡು ಅಂಗಳಕ್ಕೆ ಓಡಿದೆ. ಬಾಣಂತಿಯನ್ನೂ ಕೂಸನ್ನೂ ಮೀಯಿಸಲು ಬರುವ ಗಿರಿಜಾ, ಬಚ್ಚಲ ಒಲೆಯ ಕೆಂಡದ ಮೇಲೆಯೇ ಲೋಬಾನ ಹಾಕಿದ್ದಳು.

"ಒಲಿಗೆ ಎಂತ ಹಾಕಿದ್ಯೆ?"

"ಮಳಿ ನೀರಿಗೆ ಸೌದಿ ಚಂಡಿ ಅಮ್ಮ. ನಳ್ಳಿ ಹಾಕ್ದವ್ರ್ ಬಿಟ್ಟ್ ಹೋದ ಪ್ಲಾಸ್ಟಿಕ್ ಪೈಪಿನ ತುಂಡ್ ಹಾಕ್ದೆ, ಲಾಯ್ಕ್ ಉರೀತ್. ಎಂತ ಆತಿಲ್ಲೆ."

ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದ ಮೊಮ್ಮಗಳು ಸುಮಾ ಕೆಂಡವನ್ನು ಹೊರಗೆ ಚೆಲ್ಲಿ ಬಂದಳು. "ಅಜ್ಜಿ, ಈ ಪಿವಿಸಿ ಪೈಪ್ ಅಂದ್ರೆ ಸಣ್ಣ ಸಣ್ಣ ಕಣ ಒಂದಕ್ಕೊಂದ್ ಸೇರಿ ಆದ ಉದ್ದ ಸರಪಳಿ. ಒಂದೊಂದ್ ಕೊಂಡಿಯಗೂ ಕ್ಲೋರಿನ್ ಇತ್ತ್. ಸುಟ್ರೆ ಅದು ಆಸಿಡ್ ಆಯಿ ಹೊಗೆ ಒಟ್ಟಿಗೆ ಬತ್ತ್."

"ಕೂಸಿನ್ ಮೂಗಿಗೆ ಆಸಿಡ್ ಹಿಡ್ದಿಯಲ್ಲೆ, ಹೆಣ್ಣೆ!" ಎಂದು ನಾನು ಕೂಗಿದ್ದಕ್ಕೆ ಎದುರು ಮನೆಯವರೆಲ್ಲ ಹೊರಗೆ ಬಂದರು.

ಮೊಮ್ಮಕ್ಕಳೇ, ಕೂಸು ಸಂಜೆಗೆ ಸುಧಾರಿಸಿತು, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಗುರುತಿಲ್ಲದವರ ಮನೆ ಮೆಟ್ಟಿಲು ಹತ್ತಲು ನಾಚುವ ನಾನು, ಮಾರನೆಯ ಬೆಳಿಗ್ಗೆ ಗಿರಿಜಾ ಮೀಯಿಸುವ ಇನ್ನೊಂದು ಬಾಣಂತಿಯ ಮನೆಗೆ ಹೋಗಿ ಬಚ್ಚಲ ಒಲೆ ಬಗ್ಗಿ ನೋಡಿದೆ. ಅಷ್ಟು ಬೈಸಿಕೊಂಡ ಮೇಲೂ ಅಲ್ಲಿ ಪೈಪಿನ ತುಂಡೇ ಉರಿಯುತ್ತಿತ್ತು.