ಎಡನಳಿಗೆಯ ಬಳೆಗಳು

ಮೊಬೈಲಿಗೆ ಟಾರ್ಚ್ ಬಂದ ಮೇಲೆ ನಾನು ಇಣುಕಿ ನೋಡದ ತೂತು ನಮ್ಮ ಮನೆಯಲ್ಲಿ ಉಳಿದಿಲ್ಲ. ಗಂಟಲು, ಸಿಂಕಿನ ಪೈಪು, ಸ್ಕೂಟರಿನ ಸೈಲೆನ್ಸರು. ನೋಡಿದಲ್ಲೆಲ್ಲ ಏನಾದರೊಂದು ಕಾಣುತ್ತದೆ. ಕಂಡದ್ದು ಏನೂ ಅಲ್ಲವೆಂದು ತಿಳಿಯುವಷ್ಟರಲ್ಲಿ ನಾನು ಅರ್ಧ ಸೊರಗಿರುತ್ತೇನೆ. ಹಾಗಾದರೂ ಹೊಟ್ಟೆ ಕರಗಲಿ ಎಂದು ಹೆಂಡತಿ ಶಾಂತಾ ಸುಮ್ಮನಿರುತ್ತಾಳೆ.

ಇಂಥವನ ಕೈಗೆ ಸರ್ಕಾರ ಬಂದೂಕಿನ ಲೈಸೆನ್ಸ್ ಕೊಟ್ಟಿತು. ಅದರದೇನೂ ತಪ್ಪಿಲ್ಲ. ಸಿಂದಗಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ನನಗೆ ಆಲಮೇಲದ ಹತ್ತಿರ ಒಂದಿಷ್ಟು ಕಬ್ಬಿದೆ, ಕಬ್ಬಿಗೆ ಕಾಡುಹಂದಿಗಳಿವೆ. ಅವು ಪಟಾಕಿಗೆ ಜಗ್ಗುವುದಿಲ್ಲ. ಬೆದರಿಸಲಿಕ್ಕೆಂದು ವಿಜಯಪುರದಿಂದ ಜೋಡುನಳಿಗೆಯ ಹೊಸ ಬಂದೂಕು ತಂದೆ. ಬೇರೆ ಯಾರಾದರೂ ಆಗಿದ್ದರೆ ಅದನ್ನು ಭುಜಕ್ಕಿಟ್ಟು ಮೀಸೆ ತಿರುವಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನು ತೋಟಾ ಇಲ್ಲವೆಂದು ಮತ್ತೆ ಮತ್ತೆ ಖಾತ್ರಿ ಮಾಡಿಕೊಂಡು, ಬಂದೂಕನ್ನು ನಡುವೆ ಮಡಚಿ, ಬೆಳಕಿಗೆ ಹಿಡಿದು ಒಳಗೆ ಇಣುಕಿದೆ. ಬಲನಳಿಗೆ ಕನ್ನಡಿಯಂತಿತ್ತು. ಎಡನಳಿಗೆಯಲ್ಲಿ ಮಾತ್ರ ಈ ತುದಿಯಿಂದ ಆ ತುದಿಯವರೆಗೆ ತೆಳ್ಳನೆಯ ಗೆರೆಗಳು, ಮದುಮಗಳ ಕೈಯ ಬಳೆಗಳಂತೆ ಒತ್ತೊತ್ತಾಗಿ.

"ಅಲ್ಲಾ, ಇದು ಸಿಡಿದ್ರ ನನ್ನ ಗಲ್ಲದ ಬಾಜೂಕ ಸಿಡಿತೈತಿ," ಎಂದೆ.

ಶಾಂತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹ್ವಾದ ವಾರ ನಳದಾಗ ಹಾವು ಐತಿ ಅಂದಿದ್ರಿ. ಏನಿತ್ತು?"

"ವಾಷರ್."

"ಹೂಂ."

ಆದರೂ ಜೀವ ತಡೆಯದೆ ಬಂದೂಕನ್ನು ಅಂಗಡಿಗೆ ಹೊತ್ತುಕೊಂಡು ಹೋದೆ. ಅಂಗಡಿಯವರು ಪರೀಕ್ಷಿಸಿ, "ಬಿರುಕಲ್ರಿ ಸರ, ಮಷೀನಿನ ಗೆರಿ. ಪಾಲಿಶ್ ಬೇಕಂದ್ರ ಮಾಡಸ್ರಿ, ಬ್ಯಾಡಂದ್ರ ಬಿಡ್ರಿ," ಎಂದರು. ಚಿಂತೆಯ ಮನುಷ್ಯನಿಗೆ ರೋಗವಿದೆ ಎಂದರೂ ತಡೆದುಕೊಂಡಾನು, ನಿಮ್ಮಿಷ್ಟ ಎನ್ನಬಾರದು.

ಆಮೇಲೆ ಓದಿ ತಿಳಿದದ್ದು ಇಷ್ಟು. ಉಕ್ಕಿನ ಸರಳನ್ನು ಕೊರೆದು ನಳಿಗೆ ಮಾಡುತ್ತಾರೆ. ಅಲಗು ತಿರುಗುತ್ತ ಸಾಗುವಾಗ ತಾನು ಹಾದುಹೋದ ಗುರುತು ಬಿಡುತ್ತದೆ, ಕುಂಟೆ ಹೊಡೆದ ಹೊಲದಲ್ಲಿ ಗೆರೆ ಉಳಿಯುವ ಹಾಗೆ. ಗುರುತು ಸಾಲುಸಾಲಾಗಿ ಸಮನಾಗಿದ್ದರೆ ಅದು ಯಂತ್ರದ ಕೈಬರಹ, ಎಲ್ಲೆಂದರಲ್ಲಿ ಗುಳಿ ಬಿದ್ದಿದ್ದರೆ ತುಕ್ಕು. ತೆಳುಗೆರೆಗಳಿಂದ ಗುಂಡಿಗೇನೂ ದಾರಿ ತಪ್ಪುವುದಿಲ್ಲ, ಮಸಿ ಸ್ವಲ್ಪ ಹೆಚ್ಚು ಕೂರುತ್ತದೆ ಅಷ್ಟೆ. ಆದರೆ ನಳಿಗೆಯ ಬಾಯಿ ಒಳಭಾಗಕ್ಕಿಂತ ಕೂದಲೆಳೆಯಷ್ಟು ಕಿರಿದಾಗಿರುತ್ತದೆ. ತೋಟಾದೊಳಗಿನ ಸಣ್ಣ ಗುಂಡುಗಳು ಚದುರದೆ ಗುಂಪಾಗಿ ಹೋಗುವುದು ಆ ಬಿಗುವಿನಿಂದ. ಅದನ್ನು ತಿಕ್ಕಿ ಸವೆಸಿದರೆ ಮುಗಿಯಿತು. ಸವೆದ ಉಕ್ಕನ್ನು ಮರಳಿ ಅಂಟಿಸುವ ಅಂಟು ಇನ್ನೂ ಬಂದಿಲ್ಲ.

ಸುದ್ದಿ ಕೇಳಿ ಶಾಂತಾಳ ತಮ್ಮ ಸಿದ್ದು ಮೋರಟಗಿಯಿಂದ ಬೈಕಿಗೆ ಡ್ರಿಲ್ ಕಟ್ಟಿಕೊಂಡು ಬಂದೇಬಿಟ್ಟ. ಹೊಳೆಯದ ವಸ್ತು ಕಂಡರೆ ಅವನಿಗೆ ಕೈ ತುರಿಸುತ್ತದೆ.

"ಕೊಡ್ರಿ ಮಾಮಾ. ಕಡ್ಡಿಗಿ ಎಮರಿ ಪೇಪರ ಸುತ್ತಿ ಗಿರ್ ಅನಿಸಿದ್ರ ಮುಗೀತು. ಒಳಗ ಮಾರಿ ನೋಡ್ಕೊಂಡು ದಾಡಿ ಮಾಡ್ಕೋಬಹುದು."

"ನನ್ನ ಹಂಚಿಗೂ ಹಿಂಗ ಅಂದಿದ್ದಿ," ಎಂದಳು ಅಕ್ಕ. ಅದು ವರ್ಷಾನುಗಟ್ಟಲೆ ಕಪ್ಪಗೆ ಪಳಗಿದ್ದ ರೊಟ್ಟಿ ಹಂಚು. ಇವನು ಬೆಳ್ಳಿಯ ಹಾಗೆ ಬೆಳಗಿ ಕೊಟ್ಟ ಮೇಲೆ ಬಹಳ ದಿನ ರೊಟ್ಟಿ ಅದನ್ನು ಬಿಟ್ಟು ಏಳಲಿಲ್ಲ. ನಾವು ಊಟ ಮಾಡಲಿಲ್ಲ, ಕೆರೆದುಕೊಂಡು ತಿಂದೆವು.

ಕೊನೆಗೆ ತೀರ್ಪು ಕೊಟ್ಟವಳೂ ಶಾಂತಾ. "ಮೊದಲ ಹೊಡದು ನೋಡ್ರಿ. ಎರಡೂ ಸಮಾ ಬಿದ್ರ ಡ್ರಿಲ್ಲು ವಾಪಸ್. ಎಡಗಡೀದು ಚಲ್ಲಾಪಿಲ್ಲಿ ಆದ್ರ ಇವನ ಕೈಯಾಗ ಕೊಡ್ರಿ, ಏನರ ಮಾಡ್ಕೊಳ್ಳಿ."

ಹೀಗೆ ನನ್ನ ಹೊಸ ಬಂದೂಕಿನ ಹಣೆಬರಹ ಒಂದು ತೋಟಾದ ಮೇಲೆ ನಿಂತಿತು. ಹೊಲದ ಅಂಚಿನ ಮಣ್ಣುಗುಡ್ಡೆಯ ಮುಂದೆ ಗುರಿಗೆಂದು ಅಗಲವಾದ ಬಿಳಿ ಹಾಳೆ ಬೇಕಿತ್ತು. ಪಂಪಿನ ಮೇಲೆ ಹೊದಿಸಿದ್ದ ಹಳೆಯ ಫ್ಲೆಕ್ಸ್ ಸಿಕ್ಕಿತು, ಸಿದ್ದುವಿನ ಹುಟ್ಟುಹಬ್ಬಕ್ಕೆ ಅವನ ಗೆಳೆಯರು ಕಟ್ಟಿಸಿದ್ದು. ಬಿಳಿಯ ಹಿಂಬದಿ ನಮ್ಮ ಕಡೆಗೆ ಬರುವಂತೆ ಎರಡು ಕಂಬಕ್ಕೆ ಬಿಗಿದೆವು. ಬಲನಳಿಗೆಯಿಂದ ಬಲಭಾಗಕ್ಕೆ ಹೊಡೆದೆ. ಎಡದ ಕುದುರೆ ಒತ್ತುವಾಗ ನಾನು ಕಣ್ಣು ಮುಚ್ಚಿದ್ದೆನೆಂದು ಶಾಂತಾ ಹೇಳುತ್ತಾಳೆ. ಒಂದೇ ಕಣ್ಣು ಎಂಬುದು ನನ್ನ ವಾದ.

ಹೊಗೆ ಸರಿದ ಮೇಲೆ ಬಂದೂಕು ಖಾಲಿ ಮಾಡಿ, ಹೋಗಿ ನೋಡಿದೆ. ಬಲದ ತೂತುಗಳು ದುಂಡಗೆ, ಹರಡಿ ಬಿದ್ದಿದ್ದವು. ಎಡದವೂ ದುಂಡಗೆ, ಒಂದು ಕೈ ಮೇಲೆಂಬಂತೆ ಇನ್ನಷ್ಟು ಒತ್ತಾಗಿ. ಸಿದ್ದುವಿನ ಮುಖ ಸಪ್ಪಗಾಯಿತು. ಫ್ಲೆಕ್ಸ್ ಬಿಚ್ಚಿ ಈಚೆ ತಿರುಗಿಸಿದವನು ಕೂಗಿಕೊಂಡ, "ಅಕ್ಕಾ, ನನ್ನ ಮಾರಿ!"

ಎಡನಳಿಗೆಯ ಗುಂಡುಗಳೆಲ್ಲ ನೇರ ಅವನ ಎರಡೂ ಗಲ್ಲದ ಮೇಲಿದ್ದವು. ಚಿಕ್ಕಂದಿನಲ್ಲಿ ಅಮ್ಮ ಆಗಿ ಮೈತುಂಬ ಗುಳ್ಳೆ ಎದ್ದಾಗ ಅವನ ಮುಖದ ತುಂಬ ಕುಳಿ ಬಿದ್ದಿವೆ. ಫ್ಲೆಕ್ಸಿನ ಅಂಗಡಿಯವನು ಕಂಪ್ಯೂಟರಿನಲ್ಲಿ ಅವನ್ನೆಲ್ಲ ಉಜ್ಜಿ ಬೆಣ್ಣೆಯಂಥ ಗಲ್ಲ ಮಾಡಿದ್ದ.

ಶಾಂತಾ ಹತ್ತಿರ ಬಂದು ಒಂದು ಸಲ ಫ್ಲೆಕ್ಸನ್ನೂ ಒಂದು ಸಲ ತಮ್ಮನನ್ನೂ ನೋಡಿದಳು. "ಇಷ್ಟ ದಿನ ಇದರಾಗ ಯಾರೋ ಸಿನಿಮಾದಾಂವ ನಿಂತಿದ್ದ. ಈಗ ನೋಡು, ಖರೇನ ನಮ್ಮ ಸಿದ್ದು ಆದಿ."

ಸಿದ್ದು ತನ್ನ ಗಲ್ಲವನ್ನು ಮೆಲ್ಲಗೆ ಸವರಿಕೊಂಡ. ಆಮೇಲೆ ನಗು ತಡೆಯಲಾರದೆ ಡ್ರಿಲ್ಲಿನ ವಾಯರು ಸುತ್ತತೊಡಗಿದ. "ಬ್ಯಾಡ ಬಿಡ್ರಿ ಮಾಮಾ, ಇರಲಿ ಅವು."

ಸಂಜೆ ನಳಿಗೆ ಒರೆಸಿ ಎಣ್ಣೆ ಹಚ್ಚಿ ಇಟ್ಟೆ. ಒಳಗೆ ಇಣುಕಲಿಲ್ಲ ಎಂದರೆ ನೀವು ನಂಬುವುದಿಲ್ಲ. ಇಣುಕಿದೆ, ಆದರೆ ಈ ಸಲ, ಪರಿಚಯದವರ ಮುಖ ನೋಡುವ ಹಾಗೆ.