ನಾನು ಬೆರಳಿಟ್ಟು ತೋರಿಸಿದ ಸಾಲು

ಎಂಟು ವರ್ಷಗಳ ಹಿಂದೆ ನಾನು ಬರೆದ ಪ್ರಬಂಧದಲ್ಲಿ, "ಇಬ್ಬರು ಮೀನುಗಾರಿಕಾ ತಜ್ಞರು ಈ ಚಿತ್ರಗಳನ್ನು ಪರಿಶೀಲಿಸಿದ್ದಾರೆ" ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲಿದೆ. ಆ ಇಬ್ಬರು ತಜ್ಞರು ಇರಲೇ ಇಲ್ಲ. ಇದ್ದದ್ದು ಒಬ್ಬರೇ — ತ್ರಾಸಿಯಲ್ಲಿ ಹೆದ್ದಾರಿ ಬದಿಗೆ ಕೂತು ಮೀನು ಮಾರುವ ಜಲಜಕ್ಕ. ಅವರ ಹೆಸರನ್ನು ನಾನು ಎಲ್ಲಿಯೂ ಬರೆಯಲಿಲ್ಲ. ಅಷ್ಟೇ ಆಗಿದ್ದರೆ — ಅಷ್ಟೇ ಆಗಿದ್ದರೂ ತಪ್ಪೇ. ಆದರೆ ನಾನು ಅಲ್ಲಿಗೆ ನಿಲ್ಲಲಿಲ್ಲ. ಇಂಗ್ಲಿಷ್ ಓದಲು ಬಾರದ ಆ ಹೆಂಗಸಿಗೆ ಅದೇ ಸುಳ್ಳು ಸಾಲಿನ ಮೇಲೆ ಬೆರಳಿಟ್ಟು, ನಿಮ್ಮ ಹೆಸರು ಇಲ್ಲಿದೆ ಎಂದು ತೋರಿಸಿದೆ.

ಈಗ ಯಾಕೆ ಹೇಳುತ್ತಿದ್ದೀರಿ ಎಂದು ನೀವು ಕೇಳಬಹುದು. ಕೇಳಬೇಕು.

ಕುಂದಾಪುರದ ಹತ್ತಿರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗದ ಪ್ರಾಧ್ಯಾಪಕಿ ನಾನು. ಬರುವ ತಿಂಗಳು ನಮ್ಮಲ್ಲಿ ಬುದ್ಧಿವಂತ ತಂತ್ರಜ್ಞಾನಗಳ ಬಗ್ಗೆ ಎರಡು ದಿನಗಳ ಸಮ್ಮೇಳನವಿದೆ. ನಾನು ಅದರ ಸಂಚಾಲಕಿ. ಸಮ್ಮೇಳನದ ಹಿಂದಿನ ದಿನ ಒಂದು ತರಬೇತಿ — ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಮೀನು ಮಾರುವ ಮಹಿಳೆಯರಿಗೆ. ಫೋನಿನಲ್ಲಿ ಮೀನಿನ ಪಟ ತೆಗೆದರೆ ಅದು ಇವತ್ತಿನದೋ, ನಿನ್ನೆಯದೋ, ಐಸಿನಲ್ಲಿಟ್ಟದ್ದೋ ಎಂದು ಹೇಳುವ ಆ್ಯಪ್ ಬಳಸುವುದು ಹೇಗೆಂದು ಕಲಿಸಬೇಕು. ಕಲಿಸುವವಳೂ ನಾನೇ. ಮೀನು ಮಾರುವವರಿಗೆ ಮೀನು ನೋಡಲು ಕಲಿಸುವುದು! ಬ್ರೋಷರ್ ಅಚ್ಚಾಗಿ ಬಂದಾಗ ಇದು ಯಾರಿಗೂ ತಮಾಷೆ ಅನ್ನಿಸಲಿಲ್ಲ. ನಾನು ಮಾತ್ರ ಅದನ್ನು ಮಡಚಿ ಡ್ರಾಯರಿಗೆ ಹಾಕಿದೆ.

ಸ್ಮರಣ ಸಂಚಿಕೆಗೆ "ಸಂಚಾಲಕಿಯ ಮಾತು" ಎಂದು ಒಂದು ಪುಟ ಕೇಳಿದ್ದಾರೆ. ಅಂಥದ್ದನ್ನು ನಾನು ಕಣ್ಣುಮುಚ್ಚಿ ಬರೆಯಬಲ್ಲೆ. ಎಷ್ಟು ಸಮ್ಮೇಳನ ಕಂಡಿಲ್ಲ ನಾನು — ಹೊತ್ತಿಕೊಳ್ಳದ ದೀಪದ ಬತ್ತಿ, ಕಿರುಚುವ ಮೈಕು, ಶಾಲು, ಹಣ್ಣಿನ ಬುಟ್ಟಿ, ಊಟದ ಹೊತ್ತಿಗೆ ಖಾಲಿಯಾಗುವ ಸಭೆ, ಕೊನೆಗೆ ಸರ್ಟಿಫಿಕೇಟಿಗೆ ಮಾತ್ರ ತುಂಬುವ ಸಭೆ. ಸಾಕಾಗಿಹೋಗಿದೆ. ಈ ಸಲ ಆ ಒಂದು ಪುಟಕ್ಕೆಂದು ಕೂತವಳಿಗೆ ಬೇರೇನೂ ಬರೆಯಲು ಆಗಲಿಲ್ಲ. ಅಚ್ಚು ಮಾಡುವುದೂ ಬಿಡುವುದೂ ಸಂಪಾದಕರಿಗೆ ಬಿಟ್ಟದ್ದು.

ನನ್ನ ಮನೆ ಬೈಂದೂರಿನಲ್ಲಿ. ದಿನಾ ಬಸ್ಸಿನಲ್ಲಿ ತ್ರಾಸಿ ದಾಟಿಯೇ ಕಾಲೇಜಿಗೆ ಬರಬೇಕು. ಸಂಜೆ ಹಿಂದೆ ಹೋಗುವಾಗ ಅಲ್ಲಿ ಇಳಿದು ಜಲಜಕ್ಕನ ಹತ್ತಿರ ಮೀನು ಕೊಳ್ಳುವುದು, ಮುಂದಿನ ಬಸ್ಸು ಹತ್ತುವುದು — ಇದು ನನ್ನ ರೂಢಿಯಾಗಿತ್ತು. ಜಲಜಕ್ಕ ಮುಂಬಯಿಯ ಬಂದರಿನಲ್ಲಿ ಹನ್ನೊಂದು ವರ್ಷ ಸಿಗಡಿ ಸುಲಿದವರು. ಗಂಡ ತೀರಿಕೊಂಡ ಮೇಲೆ ಊರಿಗೆ ಬಂದು, ಮೊದಲು ಬುಟ್ಟಿ ಹೊತ್ತು ಮನೆಮನೆಗೆ, ಆಮೇಲೆ ಮೊಣಕಾಲು ಹಿಡಿದುಕೊಂಡದ್ದರಿಂದ ರಸ್ತೆ ಬದಿಯಲ್ಲಿ. ಐಸಿನ ಮೀನಾದರೆ ಅವರೇ ಮೊದಲು ಹೇಳುತ್ತಿದ್ದರು, "ಇದ್ ಬ್ಯಾಡ ಟೀಚರೆ, ಐಸಿಂದ್. ನಾಳೆ ಬನಿ." ಒಮ್ಮೆ ನಾನು ಕೇಳಿದ್ದೆ — ಗೊತ್ತಿಲ್ಲದೆ ಹಾಳಾದ ಮೀನು ಕೊಟ್ಟುಬಿಟ್ಟರೆ ಏನು ಮಾಡುತ್ತೀರಿ ಎಂದು.

"ಮರ್ದಿನ ಸುರುವಿಗೆ ಆ ಮನಿಗೇ ಹೋಯ್ಕ್," ಎಂದಿದ್ದರು. "ಹೋಯಿ, ನಿನ್ನೆದ್ ಲಾಯ್ಕ್ ಇರ್ಲಿಲ್ಲ ಅಲ್ದಾ ಅಮ್ಮ, ಅಂದ್ ನಾವೇ ಹೇಳ್ಕ್. ಇಲ್ದಿರೆ ಮತ್ ಆ ಓಣಿಯಗೆ ಹೋಪುಕ್ ಆತಿಲ್ಲ."

ಹಾಳಾದ ಮೀನು ಕೊಟ್ಟ ಮನೆಗೆ ಮರುದಿನ ಮೊದಲು ತಾವೇ ಹೋಗಿ ಒಪ್ಪಿಕೊಳ್ಳುವುದನ್ನು ಆಗ ವ್ಯಾಪಾರದ ಜಾಣತನ ಎಂದುಕೊಂಡು ನಕ್ಕಿದ್ದೆ.

ನನ್ನ ಸಂಶೋಧನೆಯೂ ಮೀನಿನದೇ. ಯಂತ್ರಕ್ಕೆ ಕಲಿಸುವುದೆಂದರೆ ಮಗುವಿಗೆ ಕಲಿಸಿದ ಹಾಗೆಯೇ — ಇದು ಇದು, ಅದು ಅದು ಎಂದು ಸಾವಿರ ಸಲ ತೋರಿಸಬೇಕು. ತೋರಿಸುವವರಿಗೆ ಮೊದಲು ಗೊತ್ತಿರಬೇಕಲ್ಲ? ನನ್ನ ವಿದ್ಯಾರ್ಥಿಗಳು ಗಂಗೊಳ್ಳಿ ಬಂದರಿನಿಂದ ರಾಶಿ ರಾಶಿ ಪಟ ತೆಗೆದು ತಂದರು. ಯಾವುದು ಇವತ್ತಿನದು, ಯಾವುದು ಐಸಿನದು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಜಲಜಕ್ಕನನ್ನು ಕೇಳಿದೆ. ಅವರು ಬಂದರು. ನಾಲ್ಕು ತಿಂಗಳು — ಬೆಳಗಿನ ಬುಟ್ಟಿ ಖಾಲಿಯಾದ ಮೇಲೆ ಮಧ್ಯಾಹ್ನದ ಬಸ್ಸು ಹಿಡಿದು ನಮ್ಮ ಲ್ಯಾಬಿಗೆ. ಬಾಗಿಲ ಹೊರಗಿನ ನಲ್ಲಿಯಲ್ಲಿ ಎರಡೆರಡು ಸಲ ಸೋಪು ಹಾಕಿ ಕೈ ತೊಳೆದೇ ಒಳಗೆ ಬರುವುದು. ಕಂಪ್ಯೂಟರನ್ನು ಒಂದು ದಿನವೂ ಮುಟ್ಟಲಿಲ್ಲ. ಪರದೆ ನೋಡಿ ಅವರು ಹೇಳುವುದು, ನಾನು ಒತ್ತುವುದು.

ಮೊದಲ ದಿನವೇ ಬೈದರು. "ಇದೆಂತ ಟೀಚರೆ! ಮೀನಿನ್ ಮೇಲಿಂದ್ ಪಟ ತೆಗ್ದ್ರೆ ಯಾರಿಗ್ ಗೊತ್ತಾತ್ತ್? ಕಿವಿರ್ ಎತ್ತಿ, ಒಳ್ಗಿನ್ ಬಣ್ಣ ಕಾಂಬ್ ಹಾಂಗೆ ತೆಗಿಕ್. ಹೆಣ್ ಕಾಂಬುಕ್ ಹೋದಲ್ಲ್ ಮುಸ್ಕ್ ಹಾಕಿ ಕೂರ್ಸ್ರೆ ಆತ್ತಾ?" ಲ್ಯಾಬಿನ ಮಕ್ಕಳೆಲ್ಲ ಹೋ ಎಂದು ನಕ್ಕರು. ಆದರೆ ಅಷ್ಟೂ ಪಟಗಳನ್ನು ಬದಿಗಿಟ್ಟು, ಅವರು ಹೇಳಿದ ಹಾಗೆ ಕಿವಿರು ಎತ್ತಿ ಹೊಸದಾಗಿ ತೆಗೆದ ಮೇಲೆಯೇ ಯಂತ್ರ ಕಲಿಯತೊಡಗಿದ್ದು. ಅದಕ್ಕೆ ಮೊದಲು ಅದು ಕುರುಡಾಗಿತ್ತು. ನಾವೂ.

ಖುಷಿಯ ಭರದಲ್ಲಿ ನಾನೇ ಮಾತು ಕೊಟ್ಟೆ. ಅವರು ಕೇಳಿರಲಿಲ್ಲ — ಇದನ್ನು ಮರೆಯದೆ ಹೇಳಬೇಕು. "ಜಲಜಕ್ಕ, ಪುಸ್ತಕದಗೆ ನಿಮ್ ಹೆಸ್ರ್ ಹಾಕ್ತೆ" ಎಂದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಮರುದಿನ ಬರುವಾಗ ಒಂದು ತುಂಡು ಕಾಗದ ತಂದಿದ್ದರು. ಅದರಲ್ಲಿ ಕನ್ನಡದಲ್ಲಿ, ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ, ತಮ್ಮ ಪೂರ್ತಿ ಹೆಸರು, ತಾಯಿಯ ಹೆಸರು, ಊರು ಬರೆದಿತ್ತು. "ತಪ್ಪುಕಾಗ" ಎಂದರು, ಹೆಸರು ತಪ್ಪಬಾರದು ಎಂದು.

ಪ್ರಬಂಧ ಕಳಿಸಿದೆವು. ಓದಿ ತೀರ್ಮಾನಿಸುವವರು ಒಂದೇ ಪ್ರಶ್ನೆ ಕೇಳಿ ಹಿಂದೆ ಕಳಿಸಿದರು — ಈ ಚಿತ್ರಗಳನ್ನು ಗುರುತಿಸಿದವರು ಯಾರು, ಅವರ ವಿದ್ಯಾರ್ಹತೆ ಏನು? ನಾನು ಜಲಜಕ್ಕನ ಹೆಸರು ಟೈಪು ಮಾಡಿದೆ. ಮುಂದೆ "ಮೀನು ಮಾರಾಟಗಾರರು" ಎಂದು ಬರೆದೆ. ನೋಡಿದೆ. ನನ್ನ ಬಡ್ತಿ ಆ ಪ್ರಬಂಧದ ಮೇಲೆ ನಿಂತಿತ್ತು... ಅಳಿಸಿದೆ. ಯಾರೂ ಒತ್ತಾಯ ಮಾಡಲಿಲ್ಲ, ಯಾರೂ ಹೇಳಿಕೊಡಲಿಲ್ಲ. ಇಲ್ಲದ ಇಬ್ಬರು ತಜ್ಞರನ್ನು ನನ್ನ ಕೈಯಿಂದಲೇ ಹುಟ್ಟಿಸಿದೆ. ಕಿವಿರು ಎತ್ತಿ ಪಟ ತೆಗೆಯುವುದನ್ನು "ನಾವು ರೂಪಿಸಿದ ಹೊಸ ವಿಧಾನ" ಎಂದು ಬರೆದೆ. ಪ್ರಬಂಧ ಸ್ವೀಕಾರವಾಯಿತು.

ಆ ವರ್ಷದ ಸಮ್ಮೇಳನ ನಮ್ಮ ಕಾಲೇಜಿನಲ್ಲೇ. ಪ್ರಬಂಧವನ್ನು ದೊಡ್ಡ ಪೋಸ್ಟರಾಗಿ ಮಾಡಿ ಹಾಲಿನಲ್ಲಿ ತೂಗುಹಾಕಿದ್ದೆವು. ಜಲಜಕ್ಕನನ್ನು ನಾನು ಕರೆದಿರಲಿಲ್ಲ. ಯಾರಿಂದ ತಿಳಿಯಿತೋ, ಹಸಿರು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದೇಬಿಟ್ಟರು. ಪೋಸ್ಟರಿನ ಮುಂದೆ ನಿಂತು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನನ್ ಹೆಸ್ರ್ ಎಲ್ಲಿತ್ತ್, ಟೀಚರೆ?" ಎಂದರು.

ಆಗಲಾದರೂ ಹೇಳಬಹುದಿತ್ತು. ಇಲ್ಲ ಜಲಜಕ್ಕ, ಹಾಕಲಿಲ್ಲ, ತಪ್ಪಾಯಿತು — ಎಷ್ಟು ಹೊತ್ತಿನ ಮಾತು ಅದು? ಸುತ್ತ ಜನರಿದ್ದರು. ಹೊರಗಿನಿಂದ ಬಂದ ಪ್ರೊಫೆಸರರು ಇದ್ದರು. ನಾನು ಕೈ ಚಾಚಿದೆ. ಬೆರಳು ಎಲ್ಲಿಗಾದರೂ ಹೋಗಬಹುದಿತ್ತು. ಅದು ಸೀದಾ ಹೋಗಿ ನಿಂತದ್ದು ಆ ಇಬ್ಬರು ತಜ್ಞರ ಸಾಲಿನ ಮೇಲೆ.

"ಇಲ್ಲಿತ್ತ್ ಕಾಣಿ, ಜಲಜಕ್ಕ."

ಅವರು ಆ ಸಾಲನ್ನು ಮುಟ್ಟಿದರು. ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನನ್ನ ವಿದ್ಯಾರ್ಥಿಯೊಬ್ಬಳು ಅಷ್ಟರಲ್ಲಿ ಪಟ ತೆಗೆದಿದ್ದಳು. ಆಮೇಲೆ ಅವಳೇ ಅದಕ್ಕೆ ಕಟ್ಟು ಹಾಕಿಸಿ ಜಲಜಕ್ಕನಿಗೆ ಕೊಟ್ಟಳಂತೆ. ಒಳ್ಳೆಯ ಹುಡುಗಿ.

ನನಗೆ ಬಡ್ತಿ ಸಿಕ್ಕಿತು. ತ್ರಾಸಿಯಲ್ಲಿ ಇಳಿಯುವುದನ್ನು ಬಿಟ್ಟೆ. ಬಸ್ಸಿನಲ್ಲಿ ಸಮುದ್ರದ ಬದಿಯ ಸೀಟು ಹಿಡಿಯತೊಡಗಿದೆ, ಹೋಗುವಾಗಲೂ ಬರುವಾಗಲೂ. ಜನ ಸಮುದ್ರ ನೋಡಲೆಂದು ಆ ಬದಿ ಕೂರುತ್ತಾರೆ. ಜಲಜಕ್ಕ ಕೂರುವುದು ರಸ್ತೆಯ ಇನ್ನೊಂದು ಬದಿಗೆ. ಎಂಟು ವರ್ಷ ಹೀಗೆ ಕತ್ತು ತಿರುಗಿಸಿ ಕೂತು ಕೂತು — ಏನು ಹೇಳಲಿ, ಸುಸ್ತಾಗುತ್ತದೆ. ಸುಳ್ಳು ಹೇಳಿದ್ದು ಒಂದು ಗಳಿಗೆ, ಅದನ್ನು ಕಾಯುತ್ತ ಕೂತದ್ದು ಇಷ್ಟು ವರ್ಷ.

ಹೋದ ವಾರ ತರಬೇತಿಯ ಅರ್ಜಿಗಳು ಬಂದವು. ತ್ರಾಸಿಯ ಮಹಿಳಾ ಸಂಘದ ಅಧ್ಯಕ್ಷೆ ಒಂದು ಪತ್ರವನ್ನೂ ಇಟ್ಟಿದ್ದರು: ನಮ್ಮ ಜಲಜಕ್ಕನನ್ನು ಕಲಿಯುವವರ ಸಾಲಿನಲ್ಲಲ್ಲ, ಕಲಿಸುವವರ ಸಾಲಿನಲ್ಲಿ ಕೂರಿಸಬೇಕು, ಅವರ ಹೆಸರು ನಿಮ್ಮದೇ ಕಾಲೇಜಿನ ಪ್ರಬಂಧದಲ್ಲಿದೆ, ಸಾಕ್ಷಿಗೆ ಪಟ ಇಟ್ಟಿದ್ದೇವೆ. ಅದೇ ಪಟದ ಪ್ರತಿ. ಅರ್ಜಿ ನೋಡುವ ಕೆಲಸ ರಕ್ಷಿತಾಳದು — ಬ್ರಹ್ಮಾವರ ಕಡೆಯ ಹುಡುಗಿ, ವಿಭಾಗಕ್ಕೆ ಹೊಸದಾಗಿ ಸೇರಿದವಳು, ಕೆಲಸದಲ್ಲಿ ಚುರುಕು. ಪಟದ ಸಾಲನ್ನು ದೊಡ್ಡದು ಮಾಡಿ ಓದಿ, ನನ್ನ ಮೇಜಿನ ಹತ್ತಿರ ಬಂದಳು.

"ಮೇಡಂ, ಇದ್ರಗೆ ಅವ್ರ್ ಹೆಸ್ರೇ ಇಲ್ಲ ಅಲ್ದಾ? ಎಂತ ಅಜ್ಜಿ ಮಾರಾಯ್ರೆ, ಹೀಂಗೂ ಸುಳ್ಳ್ ಹೇಳ್ತ್ರಾ?"

ನಾನು ಏನು ಹೇಳಿದೆ ಗೊತ್ತೇ? "ಪಾಪ, ಅವ್ರಿಗ್ ಗೊತ್ತಾಯ್ಲಿಲ್ಲ ಕಾಂತ್. ಬಿಡ್" ಎಂದೆ, ತಪ್ಪು ತಿಳಿದುಕೊಂಡದ್ದು ಅವರೇ ಎಂಬಂತೆ. ಮತ್ತೊಂದು ಸುಳ್ಳು. ಎಂಟು ವರ್ಷ ಕಳೆದರೂ ನನ್ನ ನಾಲಿಗೆ ಅದೇ ಕಡೆಗೆ ಹೊರಳಿತು.

ರಕ್ಷಿತಾ ಬಿಡಲಿಲ್ಲ, ಬಿಡದಿರುವುದು ಅವಳ ಕೆಲಸ. ಸಂಘಕ್ಕೆ ಫೋನು ಮಾಡಿ, ಹಾಗೊಂದು ಹೆಸರು ಪ್ರಬಂಧದಲ್ಲಿ ಇಲ್ಲ ಎಂದು ತಿಳಿಸಿದಳು. ಮರುದಿನ ಅಧ್ಯಕ್ಷೆ ಕಾಲೇಜಿಗೆ ಫೋನು ಮಾಡಿ ಕ್ಷಮೆ ಕೇಳಿದರು. ನಾವೆಲ್ಲ ನಂಬಿದ್ದೆವು ಮೇಡಂ, ಎಂಟು ವರ್ಷದಿಂದ ಹೇಳಿಕೊಂಡು ತಿರುಗುತ್ತಿದ್ದರು, ಸಂಘದ ಸಭೆಯಲ್ಲಿ ಎಲ್ಲರೂ ನಕ್ಕರು, ಜಲಜಕ್ಕ ಎದ್ದು ಹೋದವರು ತಿರುಗಿ ಬರಲೇ ಇಲ್ಲ — ಎಂದರು. ಕ್ಷಮೆ ಕೇಳಿದ್ದು ನನ್ನ ಹತ್ತಿರ.

ಭಾನುವಾರ ಬೆಳಿಗ್ಗೆ ತ್ರಾಸಿಯಲ್ಲಿ ಇಳಿದೆ. ಜಲಜಕ್ಕನ ಮನೆಯ ಬಾಗಿಲು ತೆರೆದಿತ್ತು. ಗೋಡೆಯಲ್ಲಿ ಗಂಡನ ಪಟದ ಪಕ್ಕ ಆ ಪಟ. ಎರಡಕ್ಕೂ ಹೂ ಹಾಕಿತ್ತು. ಮೊದಲ ಸಲ ಅದನ್ನು ಹತ್ತಿರದಿಂದ ನೋಡಿದೆ. ಅದರಲ್ಲಿ ನನ್ನ ಮುಖವಿಲ್ಲ. ನಗುತ್ತ ನಿಂತ ಜಲಜಕ್ಕ, ಪೋಸ್ಟರು, ಒಂದು ಬದಿಯಿಂದ ಒಳಗೆ ಬಂದ ನನ್ನ ಕೈ, ಬೆರಳು.

"ಕೂಕಣಿ ಟೀಚರೆ" ಎಂದರು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ — ತಜ್ಞರ ಸುಳ್ಳು, ಬೆರಳಿನ ಸುಳ್ಳು, ರಕ್ಷಿತಾಳ ಮುಂದೆ ಹೇಳಿದ ಸುಳ್ಳು. ಅವರು ಅಳಲಿಲ್ಲ, ಕೂಗಾಡಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಒಂದೇ ಮಾತು ಕೇಳಿದರು:

"ನಾನ್ ಕೊಟ್ ಕಾಗ್ದ ಇತ್ತಾ?"

ಇಲ್ಲ ಎಂದೆ. ಎಲ್ಲಿ ಹೋಯಿತೋ ನನಗೆ ಗೊತ್ತಿರಲಿಲ್ಲ.

ತಪ್ಪಾಯಿತು ಜಲಜಕ್ಕ, ಎಂದೆ. ಅವರು ತಲೆ ಎತ್ತಿದರು. "ನಂಗ್ ಹೇಳ್ರೆ ಎಂತ ಬಂತ್ ಟೀಚರೆ? ಸಂಘದಗೆ ಹೇಳಿ. ನೆಗಾಡಿದ್ದ್ ಅವ್ರ್." ಎದ್ದು ಹೋಗಿ ಗೋಡೆಯ ಮೊಳೆಯಿಂದ ಆ ಪಟ ತೆಗೆದರು. ಹೂ ತೆಗೆದು ಗಂಡನ ಪಟಕ್ಕೇ ಹಾಕಿದರು. ಗಾಜನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು.

"ನೀವೇ ತಕಣಿ. ಇದ್ರಗಿಪ್ಪುದ್ ನಿಮ್ ಬೆರಳೇ ಅಲ್ದಾ."

ತರಬೇತಿಗೆ ಬರುತ್ತೀರಾ ಎಂದು ಕೇಳಿದೆ. ಅವರು ಮೀನಿನ ಬುಟ್ಟಿ ಎತ್ತಿಕೊಂಡು ಹೊರಟರು.

ಪ್ರಬಂಧ ಪ್ರಕಟಿಸಿದವರಿಗೆ ನಿಜ ಬರೆದು ಕಳಿಸಿದ್ದೇನೆ. ಅವರು ಅದನ್ನು ಹಿಂತೆಗೆದುಕೊಳ್ಳಬಹುದು, ನನ್ನ ಬಡ್ತಿಯನ್ನೂ ಕಾಲೇಜು ಹಿಂತೆಗೆದುಕೊಳ್ಳಬಹುದು. ಸಂಚಾಲಕಿಯಾಗಿ ಮುಂದುವರಿಸಬೇಕೋ ಬೇಡವೋ ಎಂದು ನಿರ್ಧರಿಸಲು ಪ್ರಿನ್ಸಿಪಾಲರಿಗೂ ಹೇಳಿದ್ದೇನೆ. ರಕ್ಷಿತಾಳಿಗೂ ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ, ಪಟ್ಟಿಯಲ್ಲಿ ಕಲಿಸುವವರ ಕಡೆ ಜಲಜಕ್ಕನ ಹೆಸರು ಬರೆದಳು. ಆ ಜಾಗ ತುಂಬುವುದೋ ಇಲ್ಲವೋ ಗೊತ್ತಿಲ್ಲ.

ನಾಳೆ ಮಧ್ಯಾಹ್ನ ತ್ರಾಸಿಯಲ್ಲಿ ಸಂಘದ ಸಭೆ ಇದೆ. ಪಟ ಈಗ ನನ್ನ ಮೇಜಿನ ಮೇಲಿದೆ. ಮರುದಿನವೇ ಹೋಗಬೇಕಾಗಿದ್ದ ಮನೆಗೆ ಎಂಟು ವರ್ಷ ತಡವಾಗಿ ಹೋದವಳು ನಾನು. ಸಂಘಕ್ಕಾದರೂ ಎಲ್ಲರಿಗಿಂತ ಮೊದಲೇ ಹೋಗಿ ಕೂರುತ್ತೇನೆ. ಪಟವನ್ನು ಅವರ ಮುಂದೆ ಇಟ್ಟು, ಈ ಬೆರಳು ನನ್ನದು ಎಂದು ಹೇಳುತ್ತೇನೆ.