ತೋಫು ಬಟ್ಟೆಯ ತುಂಡು

ಫೆನ್ ನದಿಯ ದಂಡೆಯ ಆ ಹಳ್ಳಿಯಲ್ಲಿ ರುಯ್‌ಚಿನ್ ಹೊಲಿದ ಬಟ್ಟೆಯ ಜೋಡು ಮೆಟ್ಟದ ಕಾಲೇ ಇರಲಿಲ್ಲ. ಚಿಂದಿಗೆ ಗಂಜಿ ಬಳಿದು, ಪದರದ ಮೇಲೆ ಪದರ ಒಣಗಿಸಿ, ದಬ್ಬಳದಿಂದ ಅಟ್ಟೆ ಹೊಲಿಯುವಾಗ ಅವಳ ಬಾಯಿಯೂ ಸುಮ್ಮನಿರುತ್ತಿರಲಿಲ್ಲ. ಗಂಡ ಪೆಂಗ್ ಸತ್ತ ಮೇಲೆ ಆ ಬಾಯಿಗೆ ಬೀಗ ಬಿತ್ತು.

ಪೆಂಗ್ ಹಿಂದೊಮ್ಮೆ ಒಂದು ಕತ್ತೆ, ಒಂದು ಬೀಸುಕಲ್ಲು ಇಟ್ಟುಕೊಂಡು, ಸೋಯಾ ಹಾಲು ಸೋಸಿ ಹೆಪ್ಪುಗಟ್ಟಿಸಿದ ತೋಫು ಮಾರಿದವನು. ಕ್ರಾಂತಿಯ ಗದ್ದಲದಲ್ಲಿ ಅಷ್ಟಕ್ಕೇ, ಬಂಡವಾಳಗಾರನೆಂದು, ಜನರ ಶತ್ರುವಾದ. ತನಗಿಷ್ಟು ಬೆಲೆಯೆಂದು ಪಾಪ ಆ ಕತ್ತೆಗೂ ಗೊತ್ತಿರಲಿಕ್ಕಿಲ್ಲ. ತೋಳಿಗೆ ಕೆಂಪು ಪಟ್ಟಿ ಕಟ್ಟಿದ ಹುಡುಗರು ಅವನನ್ನು ಸಭೆಯಲ್ಲಿ ಮಂಡಿಯೂರಿಸಿ ಹೊಡೆದರು. ಮಗ ಶೌತಿಯನ್ ವೇದಿಕೆ ಹತ್ತಿ, "ಇವ್ನು ನಮ್ಮಪ್ಪ ಅಲ್ಲ," ಎಂದ. ಪೆಂಗ್ ಮತ್ತೆ ಹಾಸಿಗೆಯಿಂದ ಏಳಲಿಲ್ಲ. ಮಣ್ಣು ಮಾಡಿದ ಮರುದಿನವೇ ಮಗ ಕಾಲುವೆ ತೋಡುವ ಕೆಲಸಕ್ಕೆ ಹೊರಟುಹೋದ.

ಸತ್ತವರ ಮನೆಯವರು ಜೋಡಿನ ಮೂತಿಗೆ ಬಿಳಿ ಬಟ್ಟೆ ಹೊಲಿದುಕೊಳ್ಳುವುದು ಊರಿನ ಪದ್ಧತಿ. ಶತ್ರುವಿಗೆ ಸೂತಕ ಹಿಡಿಯುವಂತಿರಲಿಲ್ಲ; ಕಂಡರೆ ಮತ್ತೆ ಸಭೆ. ರುಯ್‌ಚಿನ್ ಗಂಡನ ತೋಫು ಸೋಸುವ ಬಿಳಿ ಬಟ್ಟೆಯನ್ನು ಕತ್ತರಿಸಿ ಜೋಡಿನ ಒಳಗೆ, ಬೆರಳು ತಾಗುವಲ್ಲಿ ಹೊಲಿದಳು. ಬಟ್ಟೆಯ ತುದಿ ಆಗಲೇ ಹರಿದುಹೋಗಿತ್ತು, ಇಲಿಯ ಕೆಲಸವೆಂದುಕೊಂಡಳು. ತನಗೊಂದು ಜೊತೆ, ಮಗಳಿಗೊಂದು ಜೊತೆ. ಮಗನಿಗೆ ಮಾತ್ರ ಒಳಗೂ ಹೊರಗೂ ಕರಿ. ಹೆತ್ತ ಹೊಟ್ಟೆಯೇ ಅಷ್ಟು ಕಲ್ಲಾಗಿತ್ತು.

ಹೊಸವರ್ಷಕ್ಕೆ ಶೌತಿಯನ್ ಕುಂಟುತ್ತ ಬಂದ. ಅವಳು ಹೊಸ ಜೋಡನ್ನು ಅವನ ಮುಂದೆ ಎಸೆದಳು.

"ಮೆಟ್ಕೋ. ಕರಿ ಬಟ್ಟೆ ಸಾಕು ನಿಂಗೆ. ನಿಂಗ್ಯಾರೂ ಸತ್ತಿಲ್ವಲ್ಲ."

ಮಗ ಹಳೇ ಜೋಡು ಮೆಟ್ಟಿದ್ದ ಕಾಲನ್ನು ಹಿಂದಕ್ಕೆ ಎಳೆದುಕೊಂಡ.

"ಆ ಹರಕು ಬಿಚ್ಚಿಲ್ಲಿ, ಒಲೆಗೆ ಹಾಕ್ತೀನಿ."

"ಬ್ಯಾಡವ್ವಾ. ಇರ್ಲಿ ಬಿಡು."

ಅವಳು ಬಗ್ಗಿ ಅವನ ಕಾಲಿನಿಂದ ಜೋಡನ್ನು ಕಿತ್ತುಕೊಂಡಳು. ಹೊಲಿಯುವವಳ ಕೈ, ಅಭ್ಯಾಸಬಲದಿಂದ ಒಳಗೆ ಹೋಯಿತು. ಬೆರಳು ತಾಗುವಲ್ಲಿ ಏನೋ ಗಂಟುಗಂಟಾಗಿ ಸಿಕ್ಕಿತು. ಬೆಳಕಿಗೆ ಹಿಡಿದಳು. ಸೊಟ್ಟಸೊಟ್ಟ ಹೊಲಿಗೆ, ರಕ್ತದ ಕಲೆ, ನಡುವೆ ತೋಫು ಬಟ್ಟೆಯ ತುದಿ.

ಇಷ್ಟು ದಿನ ಇಲಿಯನ್ನು ಬೈದಿದ್ದಳು, ಮಗನನ್ನು ಶಪಿಸಿದ್ದಳು. ತನ್ನ ಮೇಲೇ ಅವಳಿಗೆ ಹೇಸಿಗೆಯಾಯಿತು.

"ಇದೆಂಥ ಹೊಲಿಗೆಯೋ," ಎಂದಳು. "ಕಾಲು ಕಚ್ಚಲ್ವೇನೋ?"

"ಕಚ್ಚುತ್ತೆ ಅವ್ವಾ. ಕಚ್ಚಲಿ ಅಂತಾನೇ ಬಿಟ್ಟಿದ್ದೆ."

ರುಯ್‌ಚಿನ್ ಬಾಗಿಲ ಅಗುಳಿ ಹಾಕಿ ಬಂದು, ಉಳಿದ ಬಿಳಿ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಹೊಸ ಜೋಡಿನ ಹೊಲಿಗೆ ಬಿಚ್ಚತೊಡಗಿದಳು.